ಬ್ರೇಕ್ ಹಿಡಿಯದ ಅಳಿಯ

ಶಹಾಬಜಾರದ ನಮ್ಮ ಓಣಿಯಲ್ಲಿ ಎಮ್ಮೆಗೂ ‘ರೀ’ ಹಚ್ಚಿ ಮಾತನಾಡುವ ಮನುಷ್ಯ ಒಬ್ಬನೇ, ಅವನು ಡೆನ್ಮಾರ್ಕಿನವನು. ‘ಸರೀರಿ, ಹಾದಿ ಬಿಡ್ರಿ’ ಎಂದು ವಿನಂತಿಸಿಕೊಂಡು, ಅದು ಸರಿಯುವ ತನಕ ಎಡಭುಜ ಇಳಿಬಿಟ್ಟು, ಬಾಗದ ಎಡಮೊಣಕಾಲನ್ನು ಮುಂದೆ ಚಾಚಿ ನಿಂತಿರುತ್ತಾನೆ. ಹೆಸರು ಯೆನ್ಸ್. ಎದುರುಮನೆಯ ಇಂದೂಬಾಯಿಯವರ ಅಳಿಯ. ಅವರ ಮಗಳು ಸುಮೇಧಾ ಅವನ ದೇಶದ ಆಸ್ಪತ್ರೆಯೊಂದರಲ್ಲಿ ಮುರಿದ ಕೈಕಾಲುಗಳಿಗೆ ವ್ಯಾಯಾಮ ಕಲಿಸುತ್ತಿದ್ದಾಗ ಮೊಣಕಾಲು ಮುರಿದುಕೊಂಡು ಬಂದವನು. ನಾಲ್ಕು ವರ್ಷಗಳ ಹಿಂದೆ ಇಬ್ಬರೂ ಕಲಬುರಗಿಗೆ ಬಂದು ನೆಲೆಸಿದರು.

ಹದಿನೇಳು ವರ್ಷ ಅವನ ಜೀವಿಕೆ ಸ್ಪೀಡ್‌ವೇ ಎಂಬ ಮೋಟಾರ್‌ಸೈಕಲ್ ಪಂದ್ಯ. ಅಂಡಾಕಾರದ ಮಣ್ಣಿನ ಅಂಗಳ, ನಾಲ್ವರು ಸವಾರರು, ನಾಲ್ಕು ಸುತ್ತು, ಒಂದು ನಿಮಿಷ. ತಿರುವುಗಳೆಲ್ಲ ಎಡಕ್ಕೆ, ಗಾಡಿಗೆ ಬ್ರೇಕ್ ಎಂಬುದೇ ಇಲ್ಲ. ಎಡಗಾಲಿನ ಬೂಟಿಗೆ ಕಟ್ಟುವ ಉಕ್ಕಿನ ತಳವನ್ನು ನೆಲಕ್ಕೆ ಉಜ್ಜುತ್ತಲೇ ವಾಲಿ ತಿರುಗಬೇಕು. ಆ ಉಕ್ಕಿನ ತಳ ಈಗ ಇಂದೂಬಾಯಿಯವರ ಅಡುಗೆಮನೆಯ ಬಾಗಿಲು ಬಡಿಯದಂತೆ ತಡೆಯುತ್ತದೆ. ಪಂದ್ಯಗಳಲ್ಲಿ ಗೆದ್ದ ಕಪ್ಪುಗಳನ್ನು ಮಾತ್ರ ಅವರು ಗಾಜಿನ ಕಪಾಟಿನಲ್ಲಿಟ್ಟು, ಬಂದವರಿಗೆಲ್ಲ ‘ಇವೆಲ್ಲಾ ನಮ್ಮ ಅಳಿಯಂದ್ರವ’ ಎಂದು ತೋರಿಸುತ್ತಾರೆ.

ಇಂಥವನು ಇಲ್ಲಿ ಒಂದು ದಿನವೂ ಗಾಡಿ ಮುಟ್ಟಿರಲಿಲ್ಲ. ಆಟೋ, ಬಸ್ಸು, ಇಲ್ಲವೇ ಕುಂಟುನಡಿಗೆ. ಓಣಿಯವರು ಚೇಷ್ಟೆ ಮಾಡಿದರೆ ‘ನಂಗ ಬರಂಗಿಲ್ರಿ’ ಎಂದು ನಕ್ಕುಬಿಡುತ್ತಿದ್ದ. ಅದು ವಿನಯವೆಂದೇ ನಾವು ಬಗೆದಿದ್ದೆವು.

ಕಳೆದ ಫೆಬ್ರವರಿಯಲ್ಲಿ, ಅವನ ಅತ್ತೆಯ ಮನೆಪೂಜೆಗೆ ಕಮಲಾಪುರದ ಕೆಂಪು ಬಾಳೆಹಣ್ಣೇ ಆಗಬೇಕೆಂದು, ನನ್ನ ಸ್ಕೂಟರಿನಲ್ಲಿ ನಾನೂ ಅವನೂ ಹೋದೆವು. ಮರಳುವಾಗ ಬಿಸಿಲಿಗೆ ನನ್ನ ಕಣ್ಣು ಕತ್ತಲಿಟ್ಟಿತು. ಚಾವಿಯನ್ನು ಅವನ ಕೈಗಿಟ್ಟೆ.

‘ಬ್ಯಾಡ್ರಿ ಮಾಸ್ತರ. ಬಸ್ಸಿಗೆ ಹೋಗೋಣ್ರಿ.’

‘ಹದಿನೇಳ ವರ್ಷ ಗಾಡಿ ಹೊಡದಂವ, ಒಂದ ತಾಸಿನ ಹಾದಿಗೆ ಅಂಜ್ತಿ ಏನಪಾ?’

ಈ ಮಾತು ಆಡಬಾರದಿತ್ತು. ಅವನು ಗಾಡಿ ಹತ್ತಿದ.

ಊರು ಬಿಟ್ಟ ಮೇಲಿನ ಇಳಿಜಾರಿನಲ್ಲಿ ನಮ್ಮ ಮುಂದೆ ಗಂಡಹೆಂಡತಿಯ ಬೈಕೊಂದು ಹೋಗುತ್ತಿತ್ತು. ಹೆಂಡತಿಯ ಸೆರಗು ಹಿಂದಿನ ಗಾಲಿಗೆ ಸಿಕ್ಕಿ ಆಕೆ ನಡುರಸ್ತೆಗೆ ಉರುಳಿದಳು. ಬ್ರೇಕ್ ಹಿಡಿದು ನಿಲ್ಲಿಸಲು ಬೇಕಾದಷ್ಟು ದೂರವಿತ್ತು. ಯೆನ್ಸ್ ಬ್ರೇಕ್ ಹಿಡಿಯಲಿಲ್ಲ. ಓಡುತ್ತಿದ್ದ ಸ್ಕೂಟರನ್ನು ತಾನಾಗಿಯೇ ಎಡಕ್ಕೆ ಮಲಗಿಸಿ ಕೆಡವಿದ. ಬಾಳೆಗೊನೆಯ ಸಮೇತ ನಾನು ಡಾಂಬರಿನ ಮೇಲೆ ಜಾರುತ್ತ ಹೋದೆ, ಹೆಗಲೆಲುಬು ಮುರಿದ ಸದ್ದು ನನಗೇ ಕೇಳಿಸಿತು.

ತರಚುಗಾಯಗಳೊಂದಿಗೆ ಎದ್ದು ಕುಳಿತ ಆ ಹೆಣ್ಣುಮಗಳು ತನ್ನ ನೋವು ಮರೆತು ಕೇಳಿದಳು: ‘ಯಾಕ್ರಿ ಅಣ್ಣಾರ, ಬ್ರೇಕ್ ಇರ್ಲಿಲ್ಲೇನ್ರಿ?’

ಯೆನ್ಸ್ ಬಿದ್ದ ಗಾಡಿಯ ಬಳಿ ಕುಳಿತು ಬ್ರೇಕನ್ನು ಎರಡು ಬೆರಳಲ್ಲಿ ಹಿಡಿದ, ಬಿಟ್ಟ, ಮತ್ತೆ ಹಿಡಿದ.

ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಕುಳಿತು ಹೇಳಿದ: ‘ನಮ್ಮ ಆಟದಾಗ ಮುಂದಿನಂವ ಬಿದ್ರ ಹಿಂದಿನಂವ ತಾನ ಬೀಳಬೇಕ್ರಿ. ಬ್ಯಾರೆ ಹಾದಿ ಇಲ್ಲ.’ ಆಟಕ್ಕಿಳಿದ ಏಳನೆಯ ವರ್ಷ ಅವನೆದುರು ಮಾರ್ಟನ್ ಎಂಬ ಸಂಗಡಿಗ ಬಿದ್ದ. ಒಳಬದಿಗೆ ಸಣ್ಣ ಸಂದು ಕಂಡಿತು. ಹಾಯ್ದುಹೋದೇನು, ಪಂದ್ಯ ಗೆದ್ದೇನು ಎನಿಸಿತು, ನುಗ್ಗಿದ. ಗಾಡಿ ಬಿದ್ದವನ ಮೇಲೇ ಹಾಯಿತು, ಮಾರ್ಟನ್ ಅಂಗಳದಲ್ಲೇ ಸತ್ತ. ಗಾಡಿ ಕೆಡವಲು ಸಮಯವಿರಲಿಲ್ಲ, ಸವಾರನ ತಪ್ಪಿಲ್ಲ ಎಂದು ವಿಚಾರಣೆ ನಡೆಸಿದವರು ಬರೆದರು. ಆಮೇಲೆ ಹತ್ತು ವರ್ಷ ಅವನು ಓಡಿಸಿದ. ಕಪಾಟಿನ ಕಪ್ಪುಗಳೆಲ್ಲ ಆ ಹತ್ತು ವರ್ಷಗಳವು.

‘ಟೈಮ್ ಇತ್ರಿ ಮಾಸ್ತರ,’ ಎಂದ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಮತ್ತೆ ಮೆಲ್ಲನೆ ಹೇಳಿದ: ‘ಇವತ್ತ ಬಿದ್ದೆ. ಆದ್ರ ಹಿಂದ ನೀವ್ ಕುಂತೀರಿ ಅನ್ನೂದ ನೆನಪ ಬರ್ಲಿಲ್ರಿ.’ ಅವನ ಆಟದ ಗಾಡಿಗೆ ಹಿಂದಿನ ಸೀಟೂ ಇರುವುದಿಲ್ಲವಂತೆ.

ನನಗೆ ಸಿಟ್ಟು ಬಂತು, ಕನಿಕರವೂ ಬಂತು; ದಿಗಿಲಂತೂ ಈಗಲೂ ಇಳಿದಿಲ್ಲ. ಒಮ್ಮೆ ತಪ್ಪಿದವರಲ್ಲಿ ಇಂಥದೊಂದು ಬಗೆಯವರಿದ್ದಾರೆ. ಆ ಗಳಿಗೆ ಇನ್ನೊಮ್ಮೆ ಬಂದರೆ ಸರಿಯಾಗಿ ನಡೆದುಕೊಳ್ಳಬೇಕೆಂದು ಮೈಯನ್ನು ಒಳಗೊಳಗೇ ಪಳಗಿಸುತ್ತ ಬಾಳುತ್ತಾರೆ. ಗಳಿಗೆ ಬಂದೂ ಬರುತ್ತದೆ, ಅವರು ಚಾಚೂ ತಪ್ಪದೆ ನಡೆದುಕೊಳ್ಳುತ್ತಾರೆ. ಆದರೆ ಅವರು ಉಳಿಸಹೊರಟದ್ದು ಎಂದೋ ಸತ್ತವನನ್ನು. ಈಗ ಬೆನ್ನಿಗೆ ಆತು ಕುಳಿತಿರುವವನು ಅವರ ಕಣ್ಣಿಗೆ ಬೀಳುವುದಿಲ್ಲ.