ಕಿಟಕಿ ಸೀಟು ಸಿಗದಿದ್ದರೆ

ಈಸೂರಿನ ಚಂದ್ರಶೇಖರಪ್ಪನವರ ಮಗ ಈಶ್ವರನಿಗೆ ಆಟಿಸಂ ಇದೆ. ಶಿಕಾರಿಪುರದ ಬಟ್ಟೆ ಅಂಗಡಿಯಲ್ಲಿ ಕೆಲಸ. ಅವನು ಮಡಿಸಿದ ಸೀರೆಯಲ್ಲಿ ಸುಕ್ಕು ಹುಡುಕಿದರೂ ಸಿಗದು. ತೊಂದರೆಯೆಲ್ಲ ಬಸ್ಸಿನಲ್ಲಿ. ಬಾಗಿಲ ಹಿಂದಿನ ಕಿಟಕಿ ಸೀಟಿನಲ್ಲಿ ಬೇರೆಯವರು ಕೂತಿದ್ದರೆ ಹತ್ತುತ್ತಲೇ ಇರಲಿಲ್ಲ; ಮನೆಗೆ ವಾಪಸು. ಹೀಗೇ ಕೆಲಸ ತಪ್ಪಿಸಿದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಅಂಗಡಿಯವರು ಹೇಳಿಕಳಿಸಿದರು.

“ಬರೀ ಹಠ,” ಎಂದರು ಚಂದ್ರಶೇಖರಪ್ಪ.

ಹೆಂಡತಿ ಮಹಾದೇವಮ್ಮ ಮಾತು ಬೆಳೆಸದೆ ಇಬ್ಬರನ್ನೂ ಆಪ್ತಸಮಾಲೋಚಕಿ ಸಂಘಮಿತ್ರಾ ಬಳಿ ಕರೆದೊಯ್ದರು.

“ಆ ಸೀಟು ಸಿಗದಿದ್ರೆ ಏನಾಗ್ತದೆ ಅನ್ಸುತ್ತೆ, ಈಶ್ವರ್?” ಎಂದು ಸಂಘಮಿತ್ರಾ ಕೇಳಿದರು.

“ಬಸ್ಸು ಮಗುಚಿ ಬೀಳ್ತದೆ.”

ಚಂದ್ರಶೇಖರಪ್ಪ ಬೆಪ್ಪಾದರು. ಇಷ್ಟು ದಿನ ಹಠ ಅಂದುಕೊಂಡದ್ದು ಹೆದರಿಕೆಯಾಗಿತ್ತು.

“ನೀವು ಹತ್ತದ ದಿನ ಆ ಬಸ್ಸಿಗೆ ಏನಾಯ್ತು?” ಎಂದರು ಸಂಘಮಿತ್ರಾ.

ಈಶ್ವರ ಯೋಚಿಸಿದ. “ಶಿಕಾರಿಪುರ ಮುಟ್ಟಿತ್ತು.”

“ಅಲ್ರೀ ಮೇಡಂ, ಮಾತಿನಾಗೆ ಆಟಿಸಂ ವಾಸಿ ಆಗ್ತದಾ? ಮಾತಿಗೆ ಅಷ್ಟು ಶಕ್ತಿ ಇದ್ದಿದ್ರೆ, ಇವಳ ಮಾತಿಗೆ ನಾನು ಯಾವತ್ತೋ ಸುಧಾರಿಸ್ತಿದ್ದೆ,” ಎಂದರು ಚಂದ್ರಶೇಖರಪ್ಪ.

“ಆಟಿಸಂ ಕಾಯಿಲೆ ಅಲ್ರೀ, ಅದು ಅವರ ಹುಟ್ಟುಗುಣ. ಕಾಡ್ತಿರೋದು ಹೆದರಿಕೆ. ಅದಕ್ಕೆ ಸಿಬಿಟಿ ಅಂತ ಚಿಕಿತ್ಸೆ ಇದೆ. ಮನಸ್ಸಿಗೆ ಬಂದ ಯೋಚನೆ ನಿಜವಾ ಅಂತ ನೋಡೋದು, ಹೆದರಿಕೆನ ಸ್ವಲ್ಪಸ್ವಲ್ಪ ಎದುರಿಸೋದು ಕಲಿಸ್ತೀವಿ.”

“ಕೇಳಿದೇನೋ? ಎದೆ ಗಟ್ಟಿ ಮಾಡ್ಕೋ.”

ಈಶ್ವರ ಎದೆ ಮುಟ್ಟಿ ನೋಡಿಕೊಂಡ. “ಗಟ್ಟಿನೇ ಐತಲ್ಲಪ್ಪ.”

ಅವನು ಮಾತನ್ನು ಇದ್ದಹಾಗೇ ಅರ್ಥಮಾಡಿಕೊಳ್ಳುತ್ತಿದ್ದ. ಅದಕ್ಕೇ ಸಂಘಮಿತ್ರಾ ಅವನಿಗೆ ನೇರ ಮಾತಿನಲ್ಲಿ, ಚಿತ್ರ ಬರೆದು ಕಲಿಸಿದರು. ಮೊದಲು ನಿಂತ ಬಸ್ಸಿನಲ್ಲಿ ಬೇರೆ ಸೀಟು. ಆಮೇಲೆ ಅಪ್ಪನ ಜೊತೆ ಪಕ್ಕದೂರಿನ ತನಕ. ಒಮ್ಮೆ ಅರ್ಧ ದಾರಿಯಲ್ಲೇ ಇಳಿದುಬಿಟ್ಟ. ಯಾರೂ ಬೈಯಲಿಲ್ಲ, ಅವಸರ ಮಾಡಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಒಬ್ಬನೇ ಹತ್ತಿದ. ಅವತ್ತು ಯಾವ ಸೀಟೂ ಖಾಲಿಯಿರಲಿಲ್ಲ. ಕಂಬಿ ಹಿಡಿದು ನಿಂತ.

ಹಿಂದೆಯೇ ಬೈಕಿನಲ್ಲಿ ಚಂದ್ರಶೇಖರಪ್ಪ. ಕಂಡಕ್ಟರ್ ತಲೆ ಹೊರಹಾಕಿ, “ಏನ್ರೀ, ಬಸ್ಸಿಗೆ ಕಾವಲು ಬಂದೀರಾ?” ಎಂದ.

ಶಿಕಾರಿಪುರದಲ್ಲಿ ಇಳಿದ ಈಶ್ವರ ಅಪ್ಪನನ್ನೇ ನೋಡಿದ. “ಹೆದರಿಕೆ ಆಗಿತ್ತಾ ಅಪ್ಪಾ?”

“ನಂಗ್ಯಾಕೋ ಹೆದರಿಕೆ?”

“ಅಂಗಿ ಉಲ್ಟಾ ಹಾಕ್ಕಂಡೀಯಲ್ಲ.”

ಅಷ್ಟು ಹೇಳಿ ಅಂಗಡಿ ಕಡೆ ನಡೆದ. ಚಂದ್ರಶೇಖರಪ್ಪ ಹೆಂಡತಿಗೆ ಫೋನ್ ಮಾಡಿದರು. “ಮುಟ್ಟಿದ ಕಣೇ. ಮೇಡಂ ಹತ್ರ ನಂಗೂ ಒಂದು ಟೈಮ್ ಕೇಳು.”

ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಆಟಿಸಂ ಇರುವವರು ಹೀಗೆ ಹಿಂಜರಿದರೆ ಹಠವೆಂದು ಗದರಬೇಡಿ. ಯಾಕೆ ಹೆದರಿಕೆ ಎಂದು ಕೇಳಿ. ಆಟಿಸಂ ಬಗ್ಗೆ ತಿಳಿದ ಆಪ್ತಸಮಾಲೋಚಕರನ್ನು ಕಾಣಿ. ಯಾರನ್ನು ಕಾಣಬೇಕೆಂದು ಗೊತ್ತಿಲ್ಲದಿದ್ದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ.