ಒಂದು ಕಾರಿಗೆ ನಾಲ್ಕೇ ಚಕ್ರ

“ಒಂದು ಕಾರಿಗೆ ಚಕ್ರ ಎಷ್ಟೇ?” ಎಂದು ಅಮ್ಮ ಕೇಳಿದಾಗ ಮಗಳು ಬಚ್ಚಲಲ್ಲಿ ಸೋಪಿನ ಪುಡಿ ಹಾಕಿಕೊಂಡು ಕೈ ತಿಕ್ಕುತ್ತಿದ್ದಳು.

“ಇದೇನಮ್ಮ ಒಗಟು? ನಾಲ್ಕು.”

“ನಾಲ್ಕು ಚಕ್ರಕ್ಕೆ ಬ್ರೇಕ್ ಹಿಡಿಯೋ ಬ್ರ್ಯಾಕೆಟ್ ಎಷ್ಟು ಬೇಕು?”

“ನಾಲ್ಕು.”

“ಇವತ್ತು ನೀನು ಎಷ್ಟಕ್ಕೆ ತೂತು ಕೊರೆದೆ?”

ಮಗಳು ನಲ್ಲಿ ತಿರುಗಿಸಿದಳು. “ಅರವತ್ತೋ ಎಪ್ಪತ್ತೋ. ಅಭ್ಯಾಸ ಕಣಮ್ಮ. ಕೈ ಕೂರ್ಬೇಕು ಅಂತಾರೆ ಮೇಷ್ಟ್ರು. ಅಭ್ಯಾಸದ್ದೆಲ್ಲ ಆಮೇಲೆ ಗುಜರಿಗೆ ಹೋಗುತ್ತೆ.”

“ಎಂಟು ತಿಂಗಳಿಂದ ಕೂರದೇ ಇರೋ ಕೈ ಇನ್ಯಾವಾಗ ಕೂರುತ್ತೆ?”

ಬಾಗಿಲ ಬಳಿ ಪಕ್ಕದ ಮನೆಯವರ ಫ್ಯಾನು ಬಿಚ್ಚಿಕೊಂಡು ಕೂತಿದ್ದ ಅಮ್ಮನ ತಮ್ಮ ನಕ್ಕ. “ಬಿಡಕ್ಕ, ನಿನ್ನ ಕಣ್ಣಿಗೆ ಹಾಲಲ್ಲೂ ಸುಣ್ಣ ಕಾಣುತ್ತೆ.”

ಅಕ್ಕನ ಕೆಲಸವೇ ಅದು. ವ್ಯಾನುಗಳ ಬ್ರೇಕಿನ ಭಾಗ ಮಾಡುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ತಪಾಸಣೆಯ ಮೇಜು ಅವಳದು. ಟ್ರೇಯಲ್ಲಿ ಬಂದ ಒಂದೊಂದು ಬ್ರ್ಯಾಕೆಟ್ಟನ್ನೂ ದೀಪದಡಿ ಹಿಡಿದು, ಅಳತೆಯ ಗೇಜ್ ತೂರಿಸಿ, ಸರಿ ಇದ್ದರೆ ಎಡಕ್ಕೆ, ಇಲ್ಲದಿದ್ದರೆ ಬಲಕ್ಕೆ ಹಾಕಬೇಕು. ಕೂದಲೆಳೆಯಷ್ಟು ಬಿರುಕೂ ತಪ್ಪಿಸಿಕೊಳ್ಳದ್ದರಿಂದ ಅಲ್ಲಿ ಅವಳ ಹೆಸರು ಕಣ್ಣಕ್ಕ. ತಮ್ಮನೂ ಅದೇ ಕಾರ್ಖಾನೆಯ ಡ್ರಿಲ್ಲಿಂಗ್ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದವನು. ಎರಡು ತಿಂಗಳ ಹಿಂದೆ ಆರ್ಡರ್ ಇಲ್ಲ ಎಂದು ಅವನನ್ನೂ ಇನ್ನೂ ಆರು ಜನರನ್ನೂ ಮನೆಗೆ ಕಳಿಸಿದರು. ಆರ್ಡರ್ ಬಂದ ದಿನ ಮೊದಲು ನಿಮ್ಮನ್ನೇ ಕರೆಯುತ್ತೇವೆ ಎಂದು ಕೈ ಕುಲುಕಿಯೇ ಕಳಿಸಿದರು. ತಮ್ಮ ಅದನ್ನು ನಂಬಿಕೊಂಡು ಫ್ಯಾನು ಬಿಚ್ಚುತ್ತಿದ್ದ.

ಆದರೆ ಆರ್ಡರ್ ಇಲ್ಲದ ಕಾರ್ಖಾನೆಯಲ್ಲಿ ಕಣ್ಣಕ್ಕನ ಮೇಜು ಒಂದು ದಿನವೂ ಖಾಲಿ ಇರಲಿಲ್ಲ. ‘ಹೊರಗಿನಿಂದ ಮಾಡಿಸಿದ್ದು’ ಎಂಬ ಚೀಟಿ ಹೊತ್ತ ಟ್ರೇಗಳು ಬರುತ್ತಲೇ ಇದ್ದವು. ದುಡಿಯುವವನ ಕೈಯಿಂದ ಕೆಲಸ ಕಿತ್ತುಕೊಳ್ಳುವಾಗ ಕಿತ್ತುಕೊಳ್ಳುತ್ತಿದ್ದೇವೆ ಎಂದು ಯಾರೂ ಹೇಳುವುದಿಲ್ಲ. ಕಾಲ ಸರಿಯಿಲ್ಲ ಎನ್ನುತ್ತಾರೆ, ಕಾಲವನ್ನು ಯಾರೂ ಕೊರಳಪಟ್ಟಿ ಹಿಡಿದು ಕೇಳಲಾರರಲ್ಲ!

ಮಗಳು ಹೋಗುತ್ತಿದ್ದ ಕಾರ್ಯಾಗಾರವೂ ಅದೇ ಕಂಪನಿಯದು, ಕಾರ್ಖಾನೆಯಿಂದ ಎರಡು ಬೀದಿ ಆಚೆ. ‘ರೇಸ್ ಕಾರು ಕಟ್ಟಿ, ಬಾಳು ಕಟ್ಟಿಕೊಳ್ಳಿ’ ಎಂದು ಬಾಗಿಲ ಮೇಲೆ ಬರೆದಿತ್ತು. ಕಾರ್ಮಿಕರ ಮಕ್ಕಳು ಹನ್ನೆರಡು ಮಂದಿ. ಕಾರನ್ನು ತಾವೇ ಕಟ್ಟಿ, ತಾವೇ ರೇಸಿಗೆ ಇಳಿಸಿ, ತಾವೇ ರಿಪೇರಿ ಮಾಡುತ್ತ ಎಂಜಿನಿಯರಿಂಗ್ ಕಲಿಯಬೇಕು. ನೀಲಿ ಕೋಟು, ಮುಂಭಾಗಕ್ಕೆ ಉಕ್ಕು ಹಾಕಿದ ಶೂ, ಮಧ್ಯಾಹ್ನದ ಊಟ, ಎಲ್ಲ ಪುಕ್ಕಟೆ. ಶೂ ಬಂದ ದಿನ ಕಣ್ಣಕ್ಕ ಅದನ್ನು ದೀಪಕ್ಕೆ ಹಿಡಿದು ಅಟ್ಟೆ ಬಗ್ಗಿಸಿ ನೋಡಿದ್ದಳು. “ಏನು ಹುಡುಕ್ತಿದ್ದೀಯಮ್ಮ?” ಎಂದರೆ, “ಬಿಟ್ಟಿ ಕೊಡೋ ಕೈಗೆ ಬೆರಳು ಎಷ್ಟಿದೆ ಅಂತ ಎಣಿಸಿಕೊಳ್ಬೇಕು” ಎಂದಿದ್ದಳು.

ಮಗಳಿಗೆ ಈ ಅನುಮಾನವೆಲ್ಲ ಬೇಕಿರಲಿಲ್ಲ. ಮೊದಲ ಸಲ ಎಂಜಿನ್ ಹತ್ತಿದ ದಿನ ಅವಳು ಓಡಿಕೊಂಡೇ ಮನೆಗೆ ಬಂದಿದ್ದಳು. ನೆಲ ನಡುಗಿದ್ದು ಅಂಗಾಲಿನಿಂದ ಹಲ್ಲಿನವರೆಗೂ ಬಂತು ಮಾವ ಎಂದು ತಮ್ಮನೆದುರು ಕೈ ಕುಣಿಸಿ ಹೇಳಿದ್ದಳು. ಮೂರು ವಾರಕ್ಕೆ ರೇಸು. ಮುಂದಿನ ಎಡಚಕ್ರದ ಜವಾಬ್ದಾರಿ ಅವಳದು. ಹದಿನಾರು ವರ್ಷದಲ್ಲಿ ಅವಳಿಗೆ ಅವಳದೇ ಎಂದು ಸಿಕ್ಕಿದ್ದು ಅದೊಂದು ಚಕ್ರ.

ಗುರುವಾರ ಕಣ್ಣಕ್ಕ ಒಂದು ಬ್ರ್ಯಾಕೆಟ್ ಎತ್ತಿ ದೀಪಕ್ಕೆ ಹಿಡಿದಳು. ತೂತು ಕೊರೆದ ಮೇಲೆ ಅಂಚಿನಲ್ಲಿ ಉಳಿಯುವ ಚೂಪನ್ನು ಅರದಿಂದ ಉಜ್ಜಿ ತೆಗೆಯಬೇಕು. ಉಜ್ಜಿದ ಕಡೆ ಸಣ್ಣ ಗೀರುಗಳು ಬೀಳುತ್ತವೆ. ಹತ್ತೊಂಬತ್ತು ವರ್ಷ ಅವಳು ನೋಡಿದ ಗೀರುಗಳೆಲ್ಲ ಒಂದೇ ಕಡೆ ವಾಲಿದಂಥವು. ಇದರ ಗೀರು ಇನ್ನೊಂದು ಕಡೆ ವಾಲಿತ್ತು. ಇನ್ನೊಂದು ಎತ್ತಿದಳು. ಹಾಗೇ. ಟ್ರೇಯಲ್ಲಿ ಹನ್ನೊಂದು ಹಾಗೇ ಇದ್ದವು.

ಮಗಳಿಗೆ ಒಂಬತ್ತು ವರ್ಷವಿದ್ದಾಗ ಅರ ಹಿಡಿಯಲು ಕಲಿಸಿದ್ದು ತಮ್ಮ. ಎಷ್ಟು ಸಲ ಬಲಗೈಗೆ ಕೊಟ್ಟರೂ ಅವಳು ಎಡಗೈಗೇ ಎತ್ತಿಕೊಳ್ಳುತ್ತಿದ್ದಳು. “ಎಡಚಿ, ನಿನ್ನ ಗೀರೆಲ್ಲ ಗಾಳಿಗೆ ಬಿದ್ದ ಹುಲ್ಲಿನ ಥರ” ಎಂದು ಅವನು ರೇಗಿಸುತ್ತಿದ್ದ. ಆ ಹುಲ್ಲು ಈಗ ಕಣ್ಣಕ್ಕನ ಅಂಗೈಯಲ್ಲಿತ್ತು.

ಲೋಕದಲ್ಲಿ ಎಡಗೈಯವಳು ತನ್ನ ಮಗಳೊಬ್ಬಳೇ ಏನು? ಒಂದೇ ಸಾಕ್ಷಿ ನಂಬಿ ಅವಳು ಯಾವತ್ತೂ ಮಾಲು ತಿರಸ್ಕರಿಸಿದವಳಲ್ಲ. ಹನ್ನೊಂದನ್ನೂ ಎಡಕ್ಕೆ ಹಾಕಿದಳು. ಅಳತೆ ಎಲ್ಲ ಸರಿಯಾಗಿತ್ತು. ಅದೇ ಅವಳನ್ನು ಹೆಚ್ಚು ಚುಚ್ಚಿತು. ಹುಡುಗಿ ಚೆನ್ನಾಗಿ ಕಲಿತಿದ್ದಳು.

ಶನಿವಾರ ಮಧ್ಯಾಹ್ನ ಊಟ ಕೊಡುವ ನೆಪ ಮಾಡಿಕೊಂಡು ಕಾರ್ಯಾಗಾರಕ್ಕೆ ಹೋದಳು. ಮೇಷ್ಟ್ರು ಬಾಗಿಲಲ್ಲೇ ಎದುರಾದರು. ಬಿಳಿ ಕೋಟು, ಜೇಬಲ್ಲಿ ಮೂರು ಬಣ್ಣದ ಪೆನ್ನು.

“ಊಟ ನಾವೇ ಕೊಡ್ತೀವಲ್ಲಮ್ಮ?”

“ಮನೆ ಊಟ ಮನೆ ಊಟಾನೇ ಅಲ್ವಾ ಸರ್.”

“ಬನ್ನಿ, ಬನ್ನಿ, ಕಾರು ನೋಡಿ.” ಕೇಳದಿದ್ದರೂ ತೋರಿಸಿದರು. ಹಳದಿ ಕಾರು ಸ್ಟ್ಯಾಂಡಿನ ಮೇಲೆ ನಿಂತಿತ್ತು, ಮೂತಿಯ ಮೇಲೆ ಕಂಪನಿಯ ಹೆಸರು. ಐದು ಮಕ್ಕಳು ಅದರ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಪರಸ್ಪರ ಬೈದುಕೊಳ್ಳುತ್ತಿದ್ದರು. ಮಗಳು ಚಕ್ರದ ಪಕ್ಕ ಮೊಣಕಾಲೂರಿ, ಒಂದೊಂದು ಬೋಲ್ಟ್ ಬಿಗಿಯಾದ ಮೇಲೂ ಅದರ ತಲೆಯ ಮೇಲೆ ಬಿಳಿ ಬಣ್ಣದ ಗೆರೆ ಎಳೆಯುತ್ತಿದ್ದಳು. ಅವಳ ನಾಲಗೆಯ ತುದಿ ತುಟಿಯಾಚೆ ಬಂದಿತ್ತು. ಚಿಕ್ಕವಳಿದ್ದಾಗ ಅಕ್ಷರ ತಿದ್ದುವಾಗಲೂ ಹೀಗೇ ಬರುತ್ತಿತ್ತು. ಕಣ್ಣಕ್ಕನಿಗೆ ಒಂದು ಗಳಿಗೆ ಹಿಂದಿರುಗಿ ಹೋಗಿಬಿಡೋಣ ಎನಿಸಿತು.

ಹಿಂದಿನ ಗೋಡೆಗೆ ಒಂದು ಪರದೆ ಇತ್ತು. ಪರದೆಯಾಚೆಯಿಂದ ಡ್ರಿಲ್ಲಿಂಗ್ ಸದ್ದು.

“ಅಲ್ಲೇನು ಸರ್?”

“ಅಭ್ಯಾಸದ ಕೋಣೆ. ಅಲ್ಲಿ ಧೂಳಮ್ಮ, ಬೇಡ...” ಎನ್ನುವಷ್ಟರಲ್ಲಿ ಅವಳು ಪರದೆ ಸರಿಸಿಯಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಅವಳು ಬಹಳ ನೋಡಿದ್ದಳು.

ಆರು ಮಷೀನುಗಳು, ಆರು ನೀಲಿ ಕೋಟುಗಳು. ಕಾರಿನ ಬಳಿ ಇದ್ದಷ್ಟು ಗಲಾಟೆ ಇಲ್ಲಿರಲಿಲ್ಲ. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಗೋಡೆಯುದ್ದಕ್ಕೂ ಟ್ರೇಗಳು, ಟ್ರೇಗಳಿಗೆ ಆಗಲೇ ಅಂಟಿಸಿದ ‘ಹೊರಗಿನಿಂದ ಮಾಡಿಸಿದ್ದು’ ಚೀಟಿ. ಮೂರನೆಯ ಮಷೀನಿನ ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿತ್ತು, ಒಂದರ ಮೇಲೊಂದು ಅರ್ಧ ಹತ್ತಿಸಿ, ಜಡೆ ಹೆಣೆದ ಹಾಗೆ. ಆ ಟ್ಯೂಬನ್ನು ಕತ್ತರಿಸಿ ಕೊಟ್ಟಿದ್ದು ಅವಳೇ, ಅಡುಗೆಮನೆಯ ಕತ್ತರಿಯಿಂದ. ಅಂಗೈಯಲ್ಲಿ ಬೊಬ್ಬೆ ಬಂದಿದೆ ಅಕ್ಕ ಎಂದು ತಮ್ಮ ಕೇಳಿದ್ದ.

ಮನುಷ್ಯನನ್ನು ಮನೆಗೆ ಕಳಿಸಿ ಮಷೀನನ್ನು ಇಲ್ಲಿಗೆ ಕಳಿಸಿದ್ದರು.

“ಹಳೇ ಮಷೀನು, ಕಂಪನಿಯವರು ದಾನ ಕೊಟ್ಟಿದ್ದು” ಎಂದರು ಮೇಷ್ಟ್ರು. ಅವಳ ಮುಖ ನೋಡದೆ ಹೇಳಿದರು. ಅವರ ನೌಕರಿಯೂ ಯಾರದೋ ಕೃಪೆಯಲ್ಲಿ ನೇತಾಡುತ್ತಿದ್ದಿರಬಹುದು. ಹಾಗೆಂದು ಅವರ ಮೂರು ಪೆನ್ನುಗಳಲ್ಲಿ ಒಂದೂ ನಿಜ ಬರೆದಿರಲಿಲ್ಲ.

ಸಂಜೆ ಇಬ್ಬರೂ ನಡೆದುಕೊಂಡು ಮನೆಗೆ ಹೊರಟಾಗ ಕಣ್ಣಕ್ಕ ಗೀರಿನ ವಿಷಯ, ಚೀಟಿಯ ವಿಷಯ ಹೇಳಿದಳು. ಮಗಳು ಸಿಡಿದಳು.

“ನಿನಗೆ ಎಲ್ಲರೂ ಕಳ್ಳರೇ! ನನ್ನ ಶೂನೂ ಬಿಡಲಿಲ್ಲ ನೀನು. ರೇಸಿಗೆ ಮೂರೇ ವಾರ ಇದೆ ಅಮ್ಮ. ಈಗ ಬಾಯಿ ಬಿಟ್ರೆ ಮೊದಲು ನನ್ನನ್ನೇ ಆಚೆ ಹಾಕ್ತಾರೆ.”

“ಗೊತ್ತು. ಅದಕ್ಕೇ ನಿನ್ನ ಹತ್ರ ಹೇಳ್ತಿರೋದು, ಬೇರೆಯವರ ಹತ್ರ ಅಲ್ಲ.”

“ಕಾರು ಸುಳ್ಳಲ್ಲ.”

“ಕಾರು ಸುಳ್ಳು ಅಂದ್ನಾ ನಾನು? ವಾರದಲ್ಲಿ ಎಷ್ಟು ದಿನ ಮುಟ್ಟೋಕೆ ಬಿಡ್ತಾರೆ?”

ಮಗಳು ನಾಲ್ಕು ಹೆಜ್ಜೆ ನಡೆದು, “ಶನಿವಾರ” ಎಂದಳು.

“ಮೂರನೇ ಮಷೀನಿನ ಹಿಡಿ ಹೇಗಿದೆ?”

“ಅದಾ? ಅದೇ ನಂದು. ರಬ್ಬರ್ ಸುತ್ತಿದಾರೆ, ಕೈಗೆ ನೋವೇ ಆಗಲ್ಲ. ಯಾರೋ ಬುದ್ಧಿವಂತರು...” ಅಲ್ಲಿಗೆ ಅವಳ ಹೆಜ್ಜೆ ನಿಂತಿತು. “ಮಾವನಾ?”

ಮನೆಯಲ್ಲಿ ಅವಳು ಮಾವನ ಎದುರು ಕೂತು ಊಟ ಮಾಡಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. “ಏನಾಯ್ತು ಎಡಚಿಗೆ?” ಎಂದ ತಮ್ಮ. “ಕೈ ನೋವಂತೆ” ಎಂದಳು ಕಣ್ಣಕ್ಕ.

ಮಂಗಳವಾರ ಬೆಳಿಗ್ಗೆ ಬಂದ ಮೊದಲ ಟ್ರೇಯಲ್ಲಿ ಅಳತೆ ಸರಿಯಿತ್ತು, ತೂತು ಸರಿಯಿತ್ತು. ತಿರುಗಿಸಿದರೆ ಒಳಮೈಯಲ್ಲಿ, ಭಾರ ಬೀಳುವ ಜಾಗದಲ್ಲೇ, ಎರಡು ಅಂಕಿ ಆಳವಾಗಿ ಒತ್ತಿದ್ದರು: 16. ಮುಂದಿನದರಲ್ಲಿ 17. ಆಮೇಲೆ 15. ಮತ್ತೆ 15. ಹನ್ನೆರಡು ಕೈ, ಅವರವರ ವಯಸ್ಸು. ಕಾರಿನ ಭಾಗಗಳಿಗೆ ಕ್ರಮಸಂಖ್ಯೆ ಹಾಕಲು ಮಕ್ಕಳಿಗೆ ಕೊಟ್ಟ ನಂಬರ್ ಪಂಚು ಮತ್ತು ಸುತ್ತಿಗೆಯ ಕೆಲಸ. ಒಂದೂ ಬಿಟ್ಟಿರಲಿಲ್ಲ, ಇಡೀ ಟ್ರೇ, ಅದರ ಕೆಳಗಿನದೂ, ಅದರ ಕೆಳಗಿನದೂ.

ಸೂಪರ್‌ವೈಸರ್ ಓಡಿ ಬಂದ. “ಗ್ರೈಂಡ್ ಮಾಡಿಸಿಬಿಡೋಣ, ಅಳಿಸಿಹೋಗುತ್ತೆ.”

“ಅಳಿಸಿದ್ರೆ ದಪ್ಪ ಕಡಿಮೆಯಾಗುತ್ತೆ. ಬ್ರೇಕ್ ಹಾಕಿದಾಗ ಮುರಿದ್ರೆ ವ್ಯಾನಲ್ಲಿರೋರಿಗೆ ನೀವು ಹೇಳ್ತೀರಾ?”

“ಭಾರ ಬೀಳೋ ಮೈ ಮೇಲೆ ಪಂಚ್ ಹೊಡೀಬಾರ್ದು ಅಂತ ಕಾರ್ಯಾಗಾರದಲ್ಲಿ ಮೊದಲನೇ ದಿನವೇ ಹೇಳಿಕೊಡ್ತಾರಲ್ರೀ! ಬೇಕಂತಲೇ ಮಾಡಿದಾರೆ.” ಆಡಿದ ಮೇಲೆ ತಾನು ಏನು ಒಪ್ಪಿಕೊಂಡೆ ಎಂದು ಅವನಿಗೆ ಹೊಳೆಯಿತು. ದನಿ ತಗ್ಗಿಸಿದ. “ನಿಮ್ಮ ಮಗಳೂ ಅಲ್ಲೇ ಕಲೀತಿರೋದು ಅಲ್ವಾ?”

“ಕಲಿತಿದ್ದಾಳೆ ಅಂತ ಕಾಣುತ್ತೆ.”

ಕೆಂಪು ಚೀಟಿಯ ಪುಸ್ತಕ ತೆಗೆದಳು. ನಕ್ಷೆಯಲ್ಲಿಲ್ಲದ ಗುರುತು ಒಂದು ಕಂಡರೂ ಇಡೀ ಮಾಲು ನಿಲ್ಲಿಸಬೇಕು, ಕೊಳ್ಳುವ ಕಂಪನಿಯ ಇನ್‌ಸ್ಪೆಕ್ಟರ್ ಬಂದು ಕಣ್ಣಾರೆ ನೋಡುವವರೆಗೆ ಯಾರೂ ಮುಟ್ಟುವಂತಿಲ್ಲ. ನಿಯಮ ಮಾಡಿದವರು ಕಾರ್ಖಾನೆಯವರೇ. ಸಂಖ್ಯೆ ಬರೆದಳು, ದಿನಾಂಕ ಬರೆದಳು. ‘ದೋಷ’ ಎಂಬ ಕಡೆ ಪೆನ್ನು ಒತ್ತಿ ಬರೆದಳು: ‘ಮಾಡಿದವರ ವಯಸ್ಸು.’

ಸಂಜೆ ಮಗಳು ಹಳೆಯ ಚಪ್ಪಲಿಯಲ್ಲಿ ಬಂದಳು. ನೀಲಿ ಕೋಟಿಲ್ಲ, ಶೂ ಇಲ್ಲ. ಕಣ್ಣು ಊದಿತ್ತು.

“ಹನ್ನೆರಡು ಜನಾನೂ ಆಚೆ. ಕಾರಿಗೆ ಬೀಗ” ಎಂದಳು. “ನನ್ನ ಚಕ್ರದ ಎರಡು ಬೋಲ್ಟ್ ಬಿಗಿ ಮಾಡೋದು ಬಾಕಿ ಇತ್ತು. ಗೆರೆ ಎಳೆದಿಲ್ಲ. ಯಾರಾದ್ರೂ ಹಾಗೇ ಓಡಿಸಿಬಿಟ್ರೆ?”

ಕಣ್ಣಕ್ಕ ಅಷ್ಟರಲ್ಲಿ ತಮ್ಮನಿಗೆ ಎಲ್ಲ ಹೇಳಿದ್ದಳು. ಅವನು ತನ್ನ ಅಂಗೈ ನೋಡಿಕೊಂಡ. ಆಮೇಲೆ ಕೇಳಿದ: “ಪಂಚ್ ನೆಟ್ಟಗೆ ಬಿದ್ದಿತ್ತಾ ಅಕ್ಕ?”

“ಹದಿನಾರರಲ್ಲಿ ಒಂದು ನೆಟ್ಟಗಿತ್ತು. ಆರು ಸ್ವಲ್ಪ ವಾಲಿತ್ತು.”

“ಎಡಚಿ” ಎಂದ ಅವನು. ಹುಡುಗಿ ಅಳುತ್ತಲೇ ನಕ್ಕಳು.

ನಾಳೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಬರುತ್ತಾನೆಂದು ಫೋನು ಬಂದಿತ್ತು. ಅವನು ನೇರವಾಗಿ ಟ್ರೇಗಳ ಬಳಿ ಬರುತ್ತಾನೋ, ಮೊದಲು ಮ್ಯಾನೇಜರನ ಕೋಣೆಯಲ್ಲಿ ಚಹಾ ಕುಡಿಯುತ್ತಾನೋ? ಕಣ್ಣಕ್ಕನಿಗೆ ಅವನ ಮೇಲೂ ನಂಬಿಕೆಯಿರಲಿಲ್ಲ. ಕೆಂಪು ಚೀಟಿಗೆ ಮೂರು ಪ್ರತಿ ಇರುತ್ತವೆ. ಮೂರನೆಯದನ್ನು ಚೀಲದಿಂದ ತೆಗೆದು ತಮ್ಮನ ಕೈಗಿತ್ತಳು.

“ನಿನ್ನ ಜೊತೆ ಕೆಲಸ ಹೋದ ಆರು ಜನರ ಮನೆ ನಿನಗೆ ಗೊತ್ತಲ್ಲ. ಹತ್ತಕ್ಕೆ ಮುಂಚೆ ಗೇಟಿನ ಹತ್ರ ಇರಿ. ಅವನು ಕಾರಿಂದ ಇಳಿಯೋವಾಗಲೇ ತೋರಿಸಿ.”

“ಮಾವ, ನಾವೂ ಬರ್ತೀವಿ” ಎಂದಳು ಮಗಳು. “ಹನ್ನೆರಡೂ ಜನ.”