ಕರು ಚೀಪಿದ ಬೆರಳು

ಒರಟು ನಾಲಿಗೆ, ಬಿಸಿ ಬಾಯಿ, ಎಳೀಬ್ಯಾಡೋ ಮಾರಾಯ, ಬೆರಳು ಕಿತ್ತು ಹೋಗ್ತಾವ, ಎಂದು ಗುರುದೇವಿ ಗೊಣಗಿದಳು, ಆದರೂ ಕೈ ತೆಗೆಯಲಿಲ್ಲ, ತೆಗೆದರೆ ಈ ತಬ್ಬಲಿ ಎಮ್ಮೆಕರು ಬೋಗುಣಿಗೆ ಮೂತಿ ಇಡುವುದಿಲ್ಲ, ತಾಯಿ ಸತ್ತಂದಿನಿಂದ ಹಾಲಿನಲ್ಲಿ ಬೆರಳದ್ದಿ ಚೀಪಿಸಿ ಚೀಪಿಸಿಯೇ ಬದುಕಿಸಿದ್ದು, ನಡುವೆ ನೀರಿನಂಥ ಹಳದಿ ಭೇದಿ ಹತ್ತಿ ನೆಲ ಹಿಡಿದಿತ್ತು, ಇದು ಎದ್ದು ನಿಲ್ಲುವಷ್ಟರಲ್ಲಿ ಮೊಮ್ಮಗಳು ಭಾಗ್ಯಜ್ಯೋತಿ ಮಲಗಿದಳು, ಅದೇ ಹಳದಿ, ಅದೇ ವಾಸನೆ, ಕೂಸಿನ ಕಣ್ಣು ಒಳಗೆ ಹೋಗಿ, ಭಂಕೂರದಿಂದ ಶಹಾಬಾದಿನ ದವಾಖಾನೆಗೆ ಓಡಿದ್ದು — ಥೂ, ಸೊಂಟ ಬೇರೆ ಹಿಡಿದಿದೆ, ಸಾಕಾಗಿದೆ ಶಿವನೇ. ಕೂಸು ಇವತ್ತು ಮನೆಗೆ ಬರುತ್ತದೆ, ಬರಲಿ, ಎತ್ತಿಕೊಳ್ಳಲಿಕ್ಕೆ ಸೊಸೆ ಬಿಟ್ಟರೆ ತಾನೆ. ಕರಾ ಚೀಪಿದ ಕೈಲೇ ನನ್ನ ಕೂಸಿನ ಬಾಯಾಗ ಬೆರಳಿಟ್ರಿ ಅತ್ತಿ, ಇನ್ನ ಮುಟ್ಟಬ್ಯಾಡ್ರಿ, ಅಂದಿದ್ದಳು ಶೈಲಶ್ರೀ, ದವಾಖಾನೆಯ ಬಾಗಿಲಲ್ಲೇ, ನಾಲ್ಕು ಮಂದಿಯ ಎದುರಿಗೆ. ಇಟ್ಟದ್ದು ಹೌದು, ಹಲ್ಲು ಬರುವ ಕೂಸಿನ ಒಸಡು ತಿಕ್ಕದೆ ಬಿಡುತ್ತಾರೆಯೇ, ಕೈ ತೊಳೆದೇ ಇಟ್ಟಿದ್ದು, ಅಲ್ಲ, ಸೆರಗಿಗೆ ಒರೆಸಿಕೊಂಡಿದ್ದೆನೋ ಏನೋ, ಯಾರಿಗೆ ನೆನಪಿದೆ.

ದನದ ಡಾಕ್ಟರು ಸುರೇಶಕುಮಾರ ಮಾತ್ರ ಬೈಯಲಿಲ್ಲ, ಕರುವಿನ ಸಗಣಿಯನ್ನೂ ಕೂಸಿನ ಮಲವನ್ನೂ ಪರೀಕ್ಷೆ ಮಾಡಿಸಿ ಬಂದು ಪರಸಿ ಕಲ್ಲಿನ ಕಟ್ಟೆಯ ಮೇಲೆ ಕುಂತು ಹೇಳಿದರು, ಎರಡರಾಗೂ ಒಂದೇ ವೈರಸ್ಸದ ಅವ್ವಾ, ಒಂದಿಷ್ಟು ದನದ್ದು, ಒಂದಿಷ್ಟು ಮನುಷ್ಯಾರದ್ದು, ಎರಡು ತಳಿ ಒಂದೇ ಹೊಟ್ಯಾಗ ಕೂಡಿದ್ರ ತುಂಡು ಅದಲಿಬದಲಿ ಮಾಡ್ಕೊಂಡು ಹೊಸಾದೊಂದು ಹುಟ್ತದ. ಬೀಗರು ಹೆಣ್ಣು ಕೊಟ್ಟು ತಂದಂಗಾತಲ್ರಿ ಸಾಹೇಬ್ರ, ಮೊದಲ ಯಾರ ಮನ್ಯಾಗಿಂದ ಹೊಂಟಿತು? ಅದು ಹೇಳಲಿಕ್ಕ ಬರಲ್ಲ ಅವ್ವಾ. ಬರುವುದಿಲ್ಲವಂತೆ! ಕರು ನೆಲ ಹಿಡಿಯುವ ಮೊದಲೇ ಕೂಸಿಗೆ ತುಸು ಹೊಟ್ಟೆ ಹರಿದಿತ್ತು, ಹಲ್ಲು ಬರಲಿಕತ್ತಾವ, ಹಂಗೇ ಆಗ್ತದ ಬಿಡ್ರಿ, ಅಂದವಳು ಶೈಲಶ್ರೀಯೇ, ತಾನೂ ಹೂಂ ಅಂದಿದ್ದಳು, ಕೂಸಿನ ಬಟ್ಟೆ ಜಾಲಿಸಿದ ನೀರನ್ನು ತಾನೇ ಕರು ಕಟ್ಟಿದ ಬೇವಿನ ಬುಡಕ್ಕೆ ಚೆಲ್ಲಿದ್ದಳು, ಗಿಡಕ್ಕಾದರೂ ಆಗಲೆಂದು. ಹಾಗಾದರೆ ಕೂಸಿನಿಂದ ಕರುವಿಗೆ, ಅಲ್ಲಿ ವೇಷ ಬದಲಿಸಿ ಮತ್ತೆ ಕೂಸಿಗೆ, ಹೋಗುವಾಗಲೂ ಬರುವಾಗಲೂ ದಾರಿ ಇವೇ ಎರಡು ಕೈ. ಸೊಸೆಗೆ ಇದನ್ನು ಹೇಳಬಹುದಿತ್ತು, ಹೇಳಿ ಯಾವ ಪುರುಷಾರ್ಥ, ಜಗಳಕ್ಕೂ ತ್ರಾಣ ಬೇಕು.

ಆಟೋ ಬಂತು — ಬೆರಳು ಕಿತ್ತುಕೊಂಡು ಬಚ್ಚಲಿಗೆ ಓಡಿ ಸಾಬೂನು ಹಚ್ಚಿ ತಿಕ್ಕುತ್ತಾಳೆ, ಮತ್ತೊಮ್ಮೆ ತಿಕ್ಕುತ್ತಾಳೆ, ಉಗುರಿನ ಸಂದಿಯಲ್ಲಿ ಇನ್ನೂ ಏನೋ ಇದ್ದಂತೆ. ಅಂಗಳಕ್ಕೆ ಬಂದರೆ ಶೈಲಶ್ರೀ ಎದುರಿಗೇ, ನಿದ್ದೆಗೆಟ್ಟ ಮುಖ, ಬೈಯುವ ಶಕ್ತಿಯೂ ಇಲ್ಲ, ಹಿಡೀರಿ ಅತ್ತಿ, ನನ್ನ ಕೈ ಸೋತಾವ, ಎಂದು ಕೂಸನ್ನೇ ಮುಂದೆ ಹಿಡಿದಳು. ಹಿಡಿ ಅನ್ನುತ್ತಿದ್ದಾಳೆ, ಹಿಡಿಯೇ, ಇದಕ್ಕೇ ತಾನೆ ಕಾದದ್ದು, ಆದರೆ ಗುರುದೇವಿಯ ಕೈಗಳು ಸೆರಗಿನೊಳಗೆ ಸೇರಿ ಹೊರಗೆ ಬರಲೊಲ್ಲವು, ಕೂಸು ನಕ್ಕು ಎರಡೂ ತೋಳು ಚಾಚಿದೆ, ಸೂಜಿ ಚುಚ್ಚಿದಲ್ಲಿ ಬಿಳಿ ಪಟ್ಟಿ, ಅಜ್ಜಿಯನ್ನೇ ನೋಡಿ ಆಯಿ ಅಂತಿದೆ, ತೋಳು ಚಾಚಿದೆ, ನಗು ಅಳುವಿಗೆ ತಿರುಗುತ್ತಿದೆ, ಚಾಚಿದ ತೋಳು, ಬಿಳಿ ಪಟ್ಟಿ, ಇನ್ನೂ ಚಾಚಿದೆ